ಬೀಸು ಕಂಸಾಳೆ: ನೋಟವೂ ಕೇಳ್ವಿಯೂ

೧

ಕೊಳ್ಳೇಗಾಲದಿಂದ ಹನೂರಿನ ಮಾರ್ಗವಾಗಿ ಮಲೆ ಮಹದೇಶ್ವರನ ಬೆಟ್ಟಕ್ಕೆ ಹೋಗುವ ಪಯಣಿಗನಿಗೆ ಆ ಸೀಮೆಯ ಕಲೆಗಳಲ್ಲಿ ಮೊದಲು ಪರಿಚಯವಾಗುವುದು ಕಂಸಾಳೆ. ಶಿವರಾತ್ರಿ, ಯುಗಾದಿ, ದೀಪಾವಳಿಗಳ ಪರಿಸೆಯ ಕಾಲದಲ್ಲಿ ಗುಂಪುಗುಂಪಾಗಿ ನಡೆದು ಬರುವ ಒಕ್ಕಲುಗಳ ನಡುವಿನಿಂದ ತಾಳದ ಸದ್ದು ಕೇಳಿಬರುವುದು. ತಾಳುಬೆಟ್ಟದ ಬುಡದಲ್ಲಿಯೋ, ದಾರಿಯ ಊರೊಂದರ ಗುಡಿಯ ಮುಂದೆಯೋ ಕೆಲವರು ಬಳಸಿ ನಿಂತು ತಾಳವನ್ನು ದಾರದಿಂದ ಬೀಸಿ ಕುಣಿಯುವುದು ಕಾಣುವುದು. ಪಯಣಿಗನು ಸ್ವಲ್ಪ ಹೊತ್ತು ನಿಂತು ನೋಡಿ, ಕೈಚಳಕಕ್ಕೆ ತಲೆದೂಗಿ, ಮುಂದೆ ಸಾಗುವನು. ಅವನು ಕಂಡುದೆಷ್ಟು, ಕಾಣದೆ ಹೋದುದೆಷ್ಟು ಎಂಬುದು ಕೇವಲ ಪ್ರವಾಸದ ಪ್ರಶ್ನೆಯಲ್ಲ. ಜನಪದ ಮಹಾಕಾವ್ಯವೊಂದನ್ನು ಯಾವ ಅಳತೆಗೋಲಿನಿಂದ ಬೆಲೆಗಟ್ಟಬೇಕೆಂಬ ಸಾಹಿತ್ಯವಿಮರ್ಶೆಯ ಪ್ರಶ್ನೆಯೂ ಅದರಲ್ಲಿ ಅಡಗಿರುವುದು.

ಬಂಡಳ್ಳಿಯ ಕಡೆಯಿಂದ ನೋಡಿದರೆ ಈ ಪ್ರಶ್ನೆ ಹೆಚ್ಚು ಸ್ಪಷ್ಟವಾಗುವುದು. ಈ ಗ್ರಾಮವು ಈಗ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದುದು. ಇದನ್ನೊಳಗೊಂಡ ಕೊಳ್ಳೇಗಾಲದ ಸೀಮೆಯು ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೂ ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಮೈಸೂರಿನ ವಿದ್ವತ್ಸಭೆಗಳ ದೃಷ್ಟಿಯು ಇಲ್ಲಿಯ ಹಾಡುಗಬ್ಬದ ಮೇಲೆ ತಡವಾಗಿ ಬಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ಕಾವ್ಯವಾದರೋ ಇಂತಹ ಎಲ್ಲೆಗಳನ್ನು ಎಣಿಸಿದುದಲ್ಲ. ಬೆಟ್ಟದಲ್ಲಿ ಮೊದಲ ಗುಡಿಯನ್ನು ಕಟ್ಟಿಸಿದನೆಂದು ಅದು ಹೇಳುವ ಜುಂಜೇಗೌಡನು ಆಲಂಬಾಡಿಯವನು. ಕಾವೇರಿಯ ದಂಡೆಯ ಆ ಊರು ಇಂದು ತಮಿಳುನಾಡಿನಲ್ಲಿದೆ. ಹದಿನಾಲ್ಕು ಹದಿನೈದನೆಯ ಶತಮಾನದವನೆಂದು ಸಾಮಾನ್ಯವಾಗಿ ಎಣಿಸಲಾಗುವ ಮಹದೇಶ್ವರನು ಉತ್ತರ ದೇಶದಿಂದ ಬಂದು, ಸುತ್ತೂರು ಕುಂತೂರು ಮಠಗಳನ್ನು ದಾಟಿ, ಎಪ್ಪತ್ತೇಳು ಮಲೆಗೆ ಒಡೆಯನಾದನೆಂಬುದು ಕಥೆಯ ನಡೆ. ಅಂತೂ ಕಾವ್ಯದ ನಾಯಕನೇ ಒಬ್ಬ ಪಯಣಿಗ. ಅದನ್ನು ಹಾಡುವ ದೇವರಗುಡ್ಡರೂ ಪಯಣಿಗರು. ನಿಂತು ನೋಡುವ ಯಾತ್ರಿಕನೊಬ್ಬನೇ ಅಲೆಮಾರಿಯಲ್ಲವೆಂಬುದನ್ನು ಮೊದಲೇ ನೆನಪಿನಲ್ಲಿಡಬೇಕು.

೨

ಕಂಸಾಳೆಯೆಂಬ ಹೆಸರು ಕಾಂಸ್ಯತಾಲವೆಂಬುದರಿಂದ ಬಂದುದು. ವಾದ್ಯದಲ್ಲಿ ಎರಡು ಭಾಗಗಳುಂಟು. ಒಂದು ಎಡ ಅಂಗೈಯಲ್ಲಿ ಕೂಡುವ ಬಟ್ಟಲು. ಇನ್ನೊಂದು ನಡುವೆ ಉಬ್ಬಿರುವ ಚಪ್ಪಟೆಯಾದ ತಾಳ. ತಾಳಕ್ಕೆ ಉದ್ದನೆಯ ದಾರವನ್ನು ಪೋಣಿಸಿ, ತುದಿಗೆ ಗೊಂಡೆಗಳನ್ನು ಕಟ್ಟಿರುವರು. ಬಲಗೈ ಆ ದಾರವನ್ನು ಹಿಡಿದು ತಾಳವನ್ನು ಬಟ್ಟಲಿಗೆ ತಾಗಿಸುವುದು. ಬಟ್ಟಲು ಕೈತಾಳವೆಂಬ ಹೆಸರೂ ಇದಕ್ಕೆ ಸಲ್ಲುವುದು.

ಈ ಸಂಪ್ರದಾಯದಲ್ಲಿ ಕಥೆ ಹಾಡುವುದು ಬೇರೆ, ಬೀಸುವುದು ಬೇರೆ. ಕಥೆ ಹಾಡುವಾಗ ಸಾಮಾನ್ಯವಾಗಿ ಮೂವರು ಸೇರುವರು. ಮುಖ್ಯ ಗಾಯಕನು ಕಥೆಯನ್ನು ಮುನ್ನಡೆಸಿದರೆ ಉಳಿದಿಬ್ಬರು ಸೊಲ್ಲನ್ನು ಎತ್ತಿಕೊಡುವರು. ಅಲ್ಲಿ ಕಂಸಾಳೆಯು ಮಾತಿಗೆ ಅಧೀನ. ಹಾಡು ಗದ್ಯಕ್ಕೂ, ಗದ್ಯವು ಹಾಡಿಗೂ ತಿರುಗುವಾಗ ಅದು ದಾರಿ ತೋರುವುದು. ಬೀಸು ಕಂಸಾಳೆಯಲ್ಲಿಯಾದರೆ ತಾಳವು ದಾರದ ತುದಿಯಲ್ಲಿ ತಲೆಯ ಸುತ್ತ, ಹೆಗಲ ಮೇಲೆ, ಬೆನ್ನ ಹಿಂದೆ ತಿರುಗಿ ಬಂದು, ತನ್ನ ಬಟ್ಟಲಿಗೋ ಪಕ್ಕದವನ ಬಟ್ಟಲಿಗೋ ಸರಿಯಾದ ಮಾತ್ರೆಯಲ್ಲಿ ತಾಗಬೇಕು. ಕುಣಿಯುವವರು ಕುಳಿತು, ಮಂಡಿಯೂರಿ, ಬೆನ್ನ ಮೇಲೆ ಮಲಗಿ, ಒಬ್ಬರ ಮೇಲೊಬ್ಬರು ನಿಂತು ಸಹ ತಾಳವನ್ನು ತಪ್ಪಿಸುವುದಿಲ್ಲ. ಇಷ್ಟು ಶ್ರಮವಾಗುವಲ್ಲಿ ಉಸಿರು ಉದ್ದವಾದ ವಾಕ್ಯಕ್ಕೆ ಎಡೆಕೊಡದು. ಆದುದರಿಂದ ಬೀಸು ಕಂಸಾಳೆಯ ಹಾಡು ಕಿರಿದಾದ ಪದ. ಅದರಲ್ಲಿ ಪಲ್ಲವಿ ಮತ್ತೆ ಮತ್ತೆ ಮರಳುವುದು, ದೇವರ ಹೆಸರಿನ ಉಘೇ ಎಂಬ ಕೂಗು ನಡುನಡುವೆ ಏಳುವುದು.

ಇಲ್ಲಿ ಲಾಕ್ಷಣಿಕರ ವಿಭಾಗವೊಂದು ನೆನಪಿಗೆ ಬರುವುದು ಸಹಜ. ಭಾವವನ್ನು ಆಶ್ರಯಿಸಿದುದು ನೃತ್ಯ, ತಾಳಲಯಗಳನ್ನು ಆಶ್ರಯಿಸಿದುದು ನೃತ್ತ ಎಂದು ಹತ್ತನೆಯ ಶತಮಾನದ ಧನಂಜಯನು ತನ್ನ ದಶರೂಪಕದಲ್ಲಿ ಭೇದಮಾಡಿರುವನು. ಈ ಲಕ್ಷಣವನ್ನು ಹಾಗೆಯೇ ಹಿಡಿದರೆ ಬೀಸು ಕಂಸಾಳೆಯು ಬರಿಯ ನೃತ್ತವಾಗುವುದು. ಅರ್ಥವಿಲ್ಲದ ಅಂಗಚಾಲನೆಯೆಂದು ಅದನ್ನು ಬದಿಗಿಡಲು ಸುಲಭವಾಗುವುದು. ಆದರೆ ಆಕ್ಷೇಪಿಸುವವರು ಒಂದು ಸಂಗತಿಯನ್ನು ಗಮನಿಸಬೇಕು. ಅಭಿನಯಕ್ಕೆ ಬೇಕಾದುದು ಬರಿದಾದ ಕೈ. ಪತಾಕ, ಕಟಕಾಮುಖ ಮೊದಲಾದ ಹಸ್ತಗಳೆಲ್ಲ ಬೆರಳು ಬಿಡುವಾಗಿರುವವನಿಗೆ ಸಾಧ್ಯ. ಕಂಸಾಳೆಯವನ ಒಂದು ಕೈಯಲ್ಲಿ ಬಟ್ಟಲಿದೆ, ಇನ್ನೊಂದರಲ್ಲಿ ದಾರವಿದೆ. ತಾಳವನ್ನು ಬೇರೊಬ್ಬನು ಹಾಕಿ ಇವನು ಅದಕ್ಕೆ ಕುಣಿಯುವುದಲ್ಲ; ತಾಳವೇ ಇವನ ಕೈಯಲ್ಲಿದೆ. ಅಲ್ಲದೆ ಹಾಡುವ ಬಾಯಿಯೂ ಇವನದೇ. ಗಾಯನ, ವಾದನ, ನರ್ತನ ಮೂರನ್ನೂ ಒಂದು ದೇಹವೇ ಹೊತ್ತಿರುವಾಗ, ಭಾವವು ಬೆರಳಿನಲ್ಲಿಲ್ಲವೆಂದು ಅದು ಎಲ್ಲಿಯೂ ಇಲ್ಲವೆನ್ನುವುದು ನ್ಯಾಯವಲ್ಲ. ಅದು ಮಾತಿನಲ್ಲಿದೆ, ಆ ಮಾತಿನ ಹಿಂದಿರುವ ಕಥೆಯಲ್ಲಿದೆ. ಆ ಕಥೆಯನ್ನು ಬಲ್ಲವನಿಗೆ ಒಂದು ಕಿರಿಯ ಪಲ್ಲವಿಯೂ ಸಾಕಾಗುವುದು. ಅರಿಯದವನಿಗೆ ಕೈಚಳಕವೊಂದೇ ಉಳಿಯುವುದು.

೩

ಕಥೆಯಾದರೂ ಏನು? ಮಾದೇಶ್ವರ ಕಾವ್ಯವು ಸಾಲುಗಳಾಗಿ ವಿಂಗಡವಾಗಿರುವುದು. ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು ಎಂಬವು ಅವುಗಳಲ್ಲಿ ಮುಖ್ಯವಾದುವು. ಇವುಗಳನ್ನು ಬಿಡಿಬಿಡಿಯಾಗಿ ಓದಿದವರಿಗೆ ಪವಾಡಗಳ ಸರಣಿಯೆಂದು ತೋರಬಹುದು. ಒಟ್ಟಿಗೆ ನೋಡಿದರೆ ಒಂದು ಪ್ರಸಂಗವು ಬೇರೆಬೇರೆ ರೂಪದಲ್ಲಿ ಮರುಕಳಿಸುವುದು ಕಂಡುಬರುವುದು. ಜಂಗಮನೊಬ್ಬನು ಬಾಗಿಲಿಗೆ ಬರುವನು. ಮನೆಯೊಡೆಯನೋ ಒಡತಿಯೋ ಅವನನ್ನು ಹೇಗೆ ಕಾಣುವರೆಂಬುದರ ಮೇಲೆ ಆ ಮನೆಯ ಮುಂದಿನ ಗತಿ ನಿಂತಿರುವುದು. ಬೇವಿನಹಟ್ಟಿಯ ಕಾಳಮ್ಮನು ಸಿರಿಯ ಸೊಕ್ಕಿನಿಂದ ಜಂಗಮನನ್ನು ತಿರಸ್ಕರಿಸಿ ಅದರ ಫಲವನ್ನು ಉಣ್ಣುವಳು.

ಸಂಕಮ್ಮನ ಸಾಲು ಇವೆಲ್ಲಕ್ಕಿಂತ ಹೆಚ್ಚು ಮರ್ಮಸ್ಪರ್ಶಿಯಾದುದು. ಸೋಲಿಗರ ನೀಲೇಗೌಡನು ಜೇನುಮಲೆಗೆ ಹೊರಡುವಾಗ, ತಾನಿಲ್ಲದ ಕಾಲದಲ್ಲಿ ಪತಿವ್ರತೆಯಾಗಿರುವೆನೆಂದು ಬಲಗೈ ಭಾಷೆ ಕೊಡಬೇಕೆಂದು ಹೆಂಡತಿಯನ್ನು ಒತ್ತಾಯಿಸುವನು. ಸಂಕಮ್ಮನು ಕೊಡಳು. ಅವಳು ಭಾಷೆಗೆ ಹೆದರಿದುದರಿಂದಲ್ಲ. ಮದುವೆಯ ನಂಬಿಕೆಯ ಮೇಲೆ ಇನ್ನೊಂದು ನಂಬಿಕೆಯನ್ನು ಕೇಳುವುದೇ ಅಪಮಾನವೆಂಬುದರಿಂದ. ಗಂಡನು ಅವಳನ್ನು ಹಿಂಸಿಸಿ ಗುಡಿಸಲಿನಲ್ಲಿ ಸೆರೆಯಿಟ್ಟು ಹೋಗುವನು. ಮಾದೇಶ್ವರನು ಬಂದು ಅವಳನ್ನು ಬಿಡಿಸಿ ಮಕ್ಕಳ ಫಲವನ್ನು ಕೊಡುವನು; ಕಾರಯ್ಯ, ಬಿಲ್ಲಯ್ಯ ಎಂಬ ಆ ಮಕ್ಕಳು ಮುಂದೆ ದೇವರ ಗುಡ್ಡರಾಗುವರು. ಅಲ್ಲಿಯವರೆಗೆ ಸಂಕಮ್ಮನು ತನ್ನ ಶೀಲವನ್ನು ಲೋಕದ ಮುಂದೆ ಪರೀಕ್ಷೆಗೆ ಒಡ್ಡಬೇಕಾಗುವುದು. ಸೀತೆಯ ಅಗ್ನಿಪರೀಕ್ಷೆಯನ್ನು ಪಾಠಹೇಳುವ ಅಧ್ಯಾಪಕರಿಗೆ ಇದಕ್ಕಿಂತ ಸಮೀಪದ ಹೋಲಿಕೆ ದೊರೆಯುವುದು ದುರ್ಲಭ. ಭೇದವೇನೆಂದರೆ, ಇಲ್ಲಿ ಹೆಣ್ಣು ಮೊದಲು ‘ಇಲ್ಲ’ವೆಂದವಳು, ಕೇಳಿದ ಆಣೆಯನ್ನು ಕೊಡದೆ ನಿಂತವಳು. ಕಾವ್ಯವು ಅವಳ ಪಕ್ಷವನ್ನು ವಹಿಸಿರುವುದರಲ್ಲಿ ಸಂದೇಹವಿಲ್ಲ.

ಈಗ ಕಥೆಯ ವಸ್ತುವಿಗೂ ಪ್ರದರ್ಶನದ ರೀತಿಗೂ ಇರುವ ಸಂಬಂಧವನ್ನು ನೋಡಬಹುದು. ಹಾಲುಮತದವರೇ ಮೊದಲಾದ ಒಕ್ಕಲುಗಳಿಂದ ಬಂದು ದೀಕ್ಷೆ ಪಡೆದ ದೇವರಗುಡ್ಡನು ರುದ್ರಾಕ್ಷಿ ಧರಿಸಿ, ವಿಭೂತಿಯಿಟ್ಟು, ಜೋಳಿಗೆ ಹಾಕಿಕೊಂಡು ಬಂಡಳ್ಳಿಯಂತಹ ಊರಿನ ಬೀದಿಯಲ್ಲಿ ಮನೆಯ ಮುಂದೆ ನಿಂತು ಹಾಡುವಾಗ, ಅವನ ಕಥೆಯೊಳಗಿನ ಜಂಗಮನೂ ಇನ್ನೊಂದು ಮನೆಯ ಮುಂದೆ ಹೀಗೆಯೇ ನಿಂತಿರುವನು. ಜಗಲಿಯ ಮೇಲೆ ಕುಳಿತು ಕೇಳುವ ಗೃಹಿಣಿಯು ಕಾಳಮ್ಮನ ಕಥೆಯನ್ನು ಕೇಳುತ್ತಿರುವಾಗಲೇ ಕಾಳಮ್ಮನಿದ್ದ ಜಾಗದಲ್ಲಿಯೇ ಇರುವಳು. ಅವಳ ಮನೆಯ ಮೊರದ ರಾಗಿ ಕಥೆಯ ಹೊರಗಿನ ವಸ್ತುವಲ್ಲ. ಕೇಳುವವಳನ್ನು ಕಥೆಯ ಪಾತ್ರವನ್ನಾಗಿ ಮಾಡುವ ಈ ಸನ್ನಿವೇಶವು ಕಾವ್ಯದ ಕಟ್ಟಡದಲ್ಲಿಯೇ ಸೇರಿರುವುದು. ಗ್ರಂಥಸ್ಥವಾದ ಚಂಪೂಕಾವ್ಯಕ್ಕೆ ಈ ಅನುಕೂಲವಿಲ್ಲ. ಕೈಯಲ್ಲಿನ ತಾಳದ ಬಟ್ಟಲು ಭಿಕ್ಷೆಯ ಬಟ್ಟಲನ್ನು ಹೋಲುವುದನ್ನೂ ಇಲ್ಲಿ ಗಮನಿಸಬಹುದು. ಅದು ಉದ್ದೇಶಪೂರ್ವಕವೆಂದು ಸಾಧಿಸುವ ಅಗತ್ಯವಿಲ್ಲ, ನೋಡುವವನ ಮನಸ್ಸಿಗೆ ಹೋಲಿಕೆ ತಟ್ಟಿದರೆ ಸಾಕು.

೪

ಪಯಣಿಗನ ನೋಟದ ಬೆಲೆಯನ್ನು ತೂಗಲು ಹೊರದೇಶದ ಉದಾಹರಣೆಯೊಂದು ಸಹಾಯಕವಾಗುವುದು. ೧೯೦೬ರಲ್ಲಿ ಕಾಂಬೋಡಿಯದ ಅರಸು ಸೀಸೊವಾತನು ಫ್ರಾನ್ಸಿಗೆ ಹೋದಾಗ ತನ್ನ ಅರಮನೆಯ ನರ್ತಕಿಯರನ್ನೂ ಕರೆದೊಯ್ದನು. ಶಿಲ್ಪಿ ರೋದಾಂ ಅವರ ನೃತ್ಯವನ್ನು ಪ್ಯಾರಿಸಿನಲ್ಲಿ ಕಂಡು ಮರುಳಾಗಿ, ಮಾರ್ಸೇಲ್ಸಿನವರೆಗೂ ಅವರನ್ನು ಹಿಂಬಾಲಿಸಿ, ಕೆಲವೇ ದಿನಗಳಲ್ಲಿ ಸುಮಾರು ೧೫೦ ರೇಖಾಚಿತ್ರಗಳನ್ನು ಬರೆದನು. ಆ ಚಿತ್ರಗಳಲ್ಲಿ ತೋಳಿನ ಬಾಗು, ಬೆರಳಿನ ಬಳುಕು, ಮಂಡಿಯ ಮಡಿಕೆಗಳೆಲ್ಲ ಜೀವಂತವಾಗಿವೆ. ಆದರೆ ನರ್ತಕಿ ಯಾವ ಪಾತ್ರವನ್ನು ವಹಿಸಿದ್ದಳು, ಕಥೆಯ ಯಾವ ಎಡೆಯಲ್ಲಿ ಆ ತೋಳು ಬಾಗಿತೆಂಬುದನ್ನು ಅವುಗಳಿಂದ ತಿಳಿಯಲಾಗದು. ಖ್ಮೇರ್ ನೃತ್ಯದಲ್ಲಿ ನರ್ತಕಿ ಮೌನಿ. ಪಿನ್‌ಪೀಟ್ ಎಂಬ ವಾದ್ಯಮೇಳ ನುಡಿಯುತ್ತಿರುವಾಗ, ಬದಿಯಲ್ಲಿ ಕುಳಿತ ಹಾಡುಗಾರ್ತಿಯರ ಮೇಳವು ಕಥೆಯನ್ನು ಹೇಳುವುದು. ರಾಮಾಯಣದ ಖ್ಮೇರ್ ರೂಪವಾದ ರಿಯಾಮ್‌ಕೇರ್ ಮೊದಲಾದ ಕಥೆಗಳು ಹೀಗೆ ಆಡಲ್ಪಡುವುವು. ರೋದಾಂ ಕಂಡುದು ನೋಟದ ಅರ್ಧ. ಕೇಳ್ವಿಯ ಅರ್ಧವು ಅವನಿಗೆ ಅರಿಯದ ಭಾಷೆಯಲ್ಲಿತ್ತು. ಆದರೂ ಅವನ ಚಿತ್ರಗಳನ್ನು ಹುಸಿಯೆನ್ನಲಾಗದು. ಅರ್ಧವನ್ನು ಕಂಡವನು ತನಗೆ ಕಂಡಷ್ಟನ್ನು ಪ್ರಾಮಾಣಿಕವಾಗಿ ಬರೆದನು. ಅದೇ ಪೂರ್ಣವೆಂದು ಭಾವಿಸಿದರೆ ಆ ತಪ್ಪು ಚಿತ್ರವನ್ನು ನೋಡುವವರದು.

ಇದೇ ನೃತ್ಯದ ಮುಂದಿನ ಚರಿತ್ರೆಯಲ್ಲಿ ಇನ್ನೊಂದು ಪಾಠವುಂಟು. ಇಂದು ಸಿಯೆಮ್ ರೀಪಿಗೆ ಹೋಗುವ ಪ್ರವಾಸಿಗಳು ಊಟದ ಹೊತ್ತಿನಲ್ಲಿ ನೋಡುವ ಅಪ್ಸರಾ ನೃತ್ಯವು ಅಂಕೋರ್ ವಾಟಿನ ಭಿತ್ತಿಶಿಲ್ಪಗಳಷ್ಟು ಪುರಾತನವೆಂದು ಹಲವರು ತಿಳಿದಿರುವರು. ವಸ್ತುತಃ ಅದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಕೊಸಮಕ್ ರಾಣಿಯ ಆಶ್ರಯದಲ್ಲಿ, ಆ ಶಿಲ್ಪಗಳಿಂದ ಸ್ಫೂರ್ತಿ ಪಡೆದು, ಹಳೆಯ ಆಸ್ಥಾನನೃತ್ಯದ ಅಂಗಗಳಿಂದ ರಚಿತವಾದುದು. ಅವಳ ಮೊಮ್ಮಗಳಾದ ರಾಜಕುಮಾರಿ ಬೊಪ್ಫಾದೇವಿ ಅದರಲ್ಲಿ ಖ್ಯಾತಳಾದಳು. ೧೯೭೫ರಿಂದ ೧೯೭೯ರವರೆಗಿನ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಆ ದೇಶದ ನೃತ್ಯಗುರುಗಳಲ್ಲಿ ಬಹುಪಾಲು ಜನ ಅಳಿದುಹೋದರು. ಉಳಿದ ಕೆಲವರು ತಮ್ಮ ನೆನಪಿನಿಂದ ವಿದ್ಯೆಯನ್ನು ಮತ್ತೆ ಕಟ್ಟಿದರು. ೨೦೦೩ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ಮಾನವಕುಲದ ಪರಂಪರೆಯೆಂದು ಸಾರಿ, ೨೦೦೮ರಲ್ಲಿ ತನ್ನ ಪಟ್ಟಿಯಲ್ಲಿ ಸೇರಿಸಿತು. ಇದರಿಂದ ಎರಡು ವಿಷಯಗಳು ಸಿದ್ಧವಾಗುವುವು. ಪ್ರೇಕ್ಷಕರಿಗಾಗಿ ಹೊಸದಾಗಿ ಕಟ್ಟಿದುದೆಲ್ಲ ಕೃತಕವಲ್ಲವೆಂಬುದೊಂದು. ಕಿರಿದಾದ ರೂಪವು ಲೋಕದಲ್ಲಿ ಪ್ರಸಿದ್ಧವಾದ ಮಾತ್ರಕ್ಕೆ ಹಿರಿದಾದುದು ತಾನಾಗಿ ಉಳಿಯದು, ಅದನ್ನು ಬಲ್ಲವರು ಉಳಿಯಬೇಕೆಂಬುದು ಇನ್ನೊಂದು.

೫

ಈ ಎರಡು ಮಾತುಗಳನ್ನೂ ಕಂಸಾಳೆಗೆ ಅನ್ವಯಿಸಿ ನೋಡಬೇಕು. ಕಳೆದ ಕೆಲವು ದಶಕಗಳಲ್ಲಿ ಬೀಸು ಕಂಸಾಳೆಯು ಮೈಸೂರು ದಸರೆಯ ಮೆರವಣಿಗೆಗೂ, ಕಾಲೇಜುಗಳ ರಂಗಕ್ಕೂ, ಚಲನಚಿತ್ರಕ್ಕೂ ಬಂದಿರುವುದು. ೧೯೯೬ರಲ್ಲಿ ತೆರೆಕಂಡ ಜನುಮದ ಜೋಡಿಯ ತರುವಾಯ ಕಂಸಾಳೆಯ ಧಾಟಿ ಅದನ್ನು ಕಂಡರಿಯದ ಸೀಮೆಗಳಲ್ಲಿಯೂ ಜನರ ಬಾಯಲ್ಲಿ ನೆಲಸಿತು. ರಂಗದ ಮೇಲಣ ತಂಡವು ನಿಗದಿಯಾದ ಕೆಲವು ನಿಮಿಷಗಳಲ್ಲಿ ತನ್ನ ಬಿರುಸನ್ನೆಲ್ಲ ತೋರಬೇಕು. ಆದುದರಿಂದ ವೇಗ ಹೆಚ್ಚಿತು, ಗೋಪುರ ಕಟ್ಟುವಿಕೆ ಹೆಚ್ಚಿತು, ಎಲ್ಲರ ಹೆಜ್ಜೆಯೂ ಒಂದೇ ಅಚ್ಚಿನದಾಯಿತು. ಹಾಡು ಒಂದೆರಡು ಪದಗಳಿಗೆ ಇಳಿಯಿತು. ದೀಕ್ಷೆಯಿಲ್ಲದ ವಿದ್ಯಾರ್ಥಿಗಳೂ ವಿದ್ಯಾರ್ಥಿನಿಯರೂ ಇದನ್ನು ಕಲಿತಿರುವರು. ಇದೆಲ್ಲವನ್ನೂ ಅವನತಿಯೆಂದು ಹಳಿಯುವುದು ಸುಲಭ. ಆದರೆ ಹಾಗೆ ಹಳಿಯುವವರು ಭಿಕ್ಷೆಯ ಹಾಡೆಂದು ಕೀಳಾಗಿ ಕಾಣಲ್ಪಟ್ಟ ಕಲೆಯೊಂದಕ್ಕೆ ರಂಗವು ಗೌರವವನ್ನು ತಂದಿತೆಂಬುದನ್ನೂ, ಹಾಡುವವನ ಮಕ್ಕಳಿಗೆ ಅನ್ನದ ದಾರಿಯೊಂದನ್ನು ತೆರೆಯಿತೆಂಬುದನ್ನೂ ಮರೆಯಬಾರದು. ಬೀಸುವಿಕೆಯು ಕಥೆಯಿಂದ ಬೇರೆಯಾದ ಅಂಗವಾಗಿ ಸಂಪ್ರದಾಯದಲ್ಲಿಯೇ ಇದ್ದುದರಿಂದ, ಅದು ಪ್ರತ್ಯೇಕವಾಗಿ ಬೆಳೆದುದು ಅಸಹಜವೂ ಅಲ್ಲ.

ಹಾಗಾದರೆ ನಷ್ಟವೇನು? ರಂಗದ ಪ್ರೇಕ್ಷಕನು ಯಾವ ಮನೆಯ ಬಾಗಿಲಲ್ಲಿಯೂ ಕುಳಿತಿಲ್ಲ. ಅವನಿಂದ ಯಾರೂ ಏನನ್ನೂ ಬೇಡುವುದಿಲ್ಲ. ಜಂಗಮನನ್ನು ಬರಮಾಡಿಕೊಳ್ಳುವ ಅಥವಾ ಅಟ್ಟುವ ಪ್ರಸಂಗ ಅವನಿಗೆ ಬಾರದು. ಕಾಳಮ್ಮನ ಸಂಕಟವಾಗಲಿ, ಸಂಕಮ್ಮನ ನಿಲುವಾಗಲಿ ಅವನನ್ನು ತಾಗದು. ಪರಿಸೆಯ ದಾರಿಯಲ್ಲಿ ನಿಂತು ನೋಡಿದ ಪಯಣಿಗನಿಗಾದರೋ, ಅರ್ಥವಾಗದಿದ್ದರೂ, ಜೋಳಿಗೆಯೊಂದು ಎದುರಿಗೆ ಬಂದೀತು. ಈ ಒಂದು ಅಂಶದಲ್ಲಿ ದಾರಿಯ ನೋಟವು ರಂಗದ ನೋಟಕ್ಕಿಂತ ಕಾವ್ಯಕ್ಕೆ ಹೆಚ್ಚು ಹತ್ತಿರದ್ದು.

ನಷ್ಟವು ರಂಗದಲ್ಲಿ ಮಾತ್ರ ಆದುದಲ್ಲ, ಗ್ರಂಥದಲ್ಲಿಯೂ ಆಗಿದೆ. ಪಿ. ಕೆ. ರಾಜಶೇಖರರು ೧೯೭೩ರಲ್ಲಿ ಈ ಕಾವ್ಯವನ್ನು ಸಂಗ್ರಹಿಸಿ ಪ್ರಕಟಿಸಿದುದು ಕನ್ನಡದ ವಿದ್ವತ್ತಿಗೆ ದೊಡ್ಡ ಉಪಕಾರ. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೇಶವನ್ ಪ್ರಸಾದರು ಸಂಪಾದಿಸಿದರು. ಅದರ ಇಂಗ್ಲಿಷ್ ಅನುವಾದವು ೨೦೦೧ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಹೊರಬಂದಿತು. ಈ ಶ್ರಮದ ಫಲವಾಗಿ ಸಂಕಮ್ಮನ ಕಥೆ ಇಂದು ತರಗತಿಗಳಲ್ಲಿ ಚರ್ಚೆಗೆ ಬರುತ್ತಿದೆ. ಆದರೆ ಅಚ್ಚಾದ ಪಾಠದಲ್ಲಿ ಒಂದೇ ಸೊಲ್ಲು ಮೂರು ಬಾರಿ ಬಂದಾಗ ಓದುಗನು ಪುನರುಕ್ತಿಯೆಂದು ಬೇಸರಪಡುವನು. ಹಾಡುವಾಗ ಆ ಮೂರು ಸೊಲ್ಲುಗಳಲ್ಲಿ ಮೊದಲನೆಯದು ಮುಖ್ಯ ಗಾಯಕನದು, ಎರಡನೆಯದು ಹಿಮ್ಮೇಳದವನದು, ಮೂರನೆಯದು ತಾಳವು ತಿರುಗುವ ಎಡೆಯಲ್ಲಿ ಎಲ್ಲರದು ಆಗಿರಬಹುದು. ಪುಟದ ಮೇಲೆ ಇವೆಲ್ಲ ಒಂದೇ ಅಳತೆಯ ಪಂಕ್ತಿಗಳು. ಗದ್ಯವೆಲ್ಲಿ ಮುಗಿದು ಗೇಯವೆಲ್ಲಿ ತೊಡಗಿತು, ಉಸಿರು ಎಲ್ಲಿ ನಿಂತಿತು, ಕೇಳುವವರು ಎಲ್ಲಿ ಓಗೊಟ್ಟರು ಎಂಬ ಸೂಚನೆಗಳಿಲ್ಲದಿರುವಲ್ಲಿ, ಕಾವ್ಯದ ಶಿಲ್ಪವನ್ನು ಕುರಿತು ತೀರ್ಪು ಕೊಡುವ ವಿಮರ್ಶಕನು ರೋದಾಂನ ಚಿತ್ರವನ್ನು ನೋಡಿ ರಿಯಾಮ್‌ಕೇರಿನ ಕಥೆಯನ್ನು ಊಹಿಸುವವನಂತೆ ಆಗುವನು. ರಂಗದ ಪ್ರೇಕ್ಷಕನಿಗೆ ಮೈಯುಂಟು, ಮಾತಿಲ್ಲ. ಗ್ರಂಥದ ವಾಚಕನಿಗೆ ಮಾತುಂಟು, ಮೈಯಿಲ್ಲ.

೬

ಇದರಿಂದ ವಿಮರ್ಶೆಗೆ ಒದಗುವ ನಿಯಮಗಳನ್ನು ಸಂಗ್ರಹಿಸಬಹುದು. ಬೀಸು ಕಂಸಾಳೆಯನ್ನು ರಂಗದ ಕಲೆಯಾಗಿ ಬೆಲೆಗಟ್ಟುವಾಗ ಅದನ್ನು ಮಾದೇಶ್ವರ ಕಾವ್ಯದ ಪ್ರತಿನಿಧಿಯೆಂದು ಭಾವಿಸಬಾರದು. ತಾಳದ ಶುದ್ಧಿ, ಅಂಗಗಳ ಹೊಂದಿಕೆ, ಹಾಡು ಕುಣಿತದಲ್ಲಿ ಮುಳುಗದೆ ಕೇಳಿಸುವಿಕೆ ಎಂಬ ಅದರದೇ ಗುಣಗಳಿಂದ ಅಳೆಯಬೇಕು. ಕಾವ್ಯವನ್ನು ಬೆಲೆಗಟ್ಟುವಾಗ ಅಚ್ಚಿನ ಪಾಠವನ್ನು ಪೂರ್ಣಕೃತಿಯೆಂದು ತಿಳಿಯದೆ, ಒಂದು ರಾತ್ರಿಯ ಹಾಡಿಕೆಯ ದಾಖಲೆಯೆಂದು ತಿಳಿಯಬೇಕು. ಅಭಿನಯಪ್ರಧಾನವಾದ ಶಾಸ್ತ್ರದ ಲಕ್ಷಣಗಳನ್ನು, ಕೈಯೆರಡೂ ವಾದ್ಯದ ವಶವಾಗಿರುವ ಕಲೆಗೆ ಹೊಂದಿಸಹೊರಡುವುದು ಲಕ್ಷಣಕ್ಕೂ ಲಕ್ಷ್ಯಕ್ಕೂ ಅನ್ಯಾಯ.

ಆಚರಣೆಗೆ ಸಂಬಂಧಿಸಿದ ಸೂಚನೆಗಳೂ ಎರಡುಂಟು. ಮುಂದಿನ ಸಂಪಾದಕರು ಒಂದೇ ಸಾಲನ್ನಾದರೂ, ಉದಾಹರಣೆಗೆ ಸಂಕಮ್ಮನ ಸಾಲನ್ನು, ಹಾಡುವವರ ಸರದಿ, ತಾಳದ ತಿರುವು, ಗದ್ಯಗೇಯಗಳ ಭೇದ, ಕೇಳುವವರ ಓಗೊಡುವಿಕೆಗಳನ್ನು ಗುರುತಿಸಿ ಪ್ರಕಟಿಸಿದರೆ ಅಧ್ಯಾಪಕರಿಗೆ ಅದರಿಂದ ಬಹಳ ಪ್ರಯೋಜನವಾಗುವುದು. ಧ್ವನಿಮುದ್ರಣವು ಸುಲಭವಾಗಿರುವ ಈ ಕಾಲದಲ್ಲಿ ಅದು ಅಸಾಧ್ಯವಾದ ಕೆಲಸವಲ್ಲ. ಎರಡನೆಯದಾಗಿ, ಕಂಸಾಳೆಯ ತಂಡಗಳನ್ನು ಪಟ್ಟಣಕ್ಕೆ ಕರೆಯಿಸುವ ಸಂಸ್ಥೆಗಳು ಬೀಸುವಿಕೆಯ ಜೊತೆಗೆ ಕಥೆಯ ಒಂದು ಸಾಲನ್ನು ಇಡಿಯಾಗಿ ಹಾಡಿಸಲು ಹೊತ್ತು ಕೊಡಬೇಕು; ಸಂಭಾವನೆಯನ್ನೂ ಆ ಹೊತ್ತಿಗೆ ತಕ್ಕಂತೆ ಕೊಡಬೇಕು. ಬೀಸುವುದನ್ನು ಕಲಿತವರು ಇಂದು ಹಲವರಿದ್ದಾರೆ. ಸಾಲನ್ನು ತುದಿಯಿಂದ ತುದಿಯವರೆಗೆ ಹಾಡಬಲ್ಲವರು ಕೇಳುವವರಿಲ್ಲದೆ ಮೌನವಾದರೆ, ಬೀಸುವವರ ಬಾಯಲ್ಲಿರುವ ಪದಗಳು ಯಾವ ಕಥೆಯಿಂದ ಬಂದುವೆಂಬುದನ್ನು ಅವರಿಗೇ ತಿಳಿಸಿಕೊಡುವವರು ಇಲ್ಲದೆ ಹೋಗುವರು.